ಅಳುಮುಂಜಿ ವೀರನಿಗೆ ದನಿ ಕೊಟ್ಟ ನಮ್ಮ ಕವಿತ

“ನೀನೇ ಯೋಳತ್ತೆ, ನ್ಯಾಯ ಅನ್ನದು ಎಲ್ಲಾದ್ರೂ ಐತಾ? ಆ ಜಾರೊಕ್ ಅನ್ನೋನು ಊರೂರ್ನೇ ಸುಟ್ಟಾಕವ್ನೆ. ಇಸ್ಕೂಲ್ ಮ್ಯಾಲೆ ಕಾಲಿಕ್ಕವ್ನೆ, ಆಸ್ಪತ್ರೆ ಮ್ಯಾಲೆ ಕಾಲಿಕ್ಕವ್ನೆ. ಅವ್ನ್ ಓಡ್ಸೋ ಕಬ್ಬಿಣದ್ ರಾಕ್ಸಸ ಒಂದ್ ಎಜ್ಜೆ ಇಟ್ರೆ ನಮ್ ಬೀದಿ ಅಷ್ಟೂ ಅಪ್ಪಚ್ಚಿ. ಅಂತೋನ್ಗೆ ಜನ ಏನ್ ಬರ್ದವ್ರೆ ನೋಡು. ‘ಜಾರೊಕಣ್ಣ, ನಮ್ಮೂರ್ಗೆ ಬಾರಣ್ಣ, ಬಾಡೂಟ ಆಕುಸ್ತೀವಿ.’ ಇನ್ನೊಬ್ಬ ಬರ್ದವ್ನೆ, ‘ಗಂಡ್ಸು ಅಂದ್ರೆ ಜಾರೊಕಣ್ಣ ಕಣ್ರಲಾ.’ ಊರ್ ಸುಟ್ಟೋನ್ಗೆ ಬಾಡೂಟ! ಆ ಮಿರೊ ಏನ್ ಪಾಪ ಮಾಡಿದ್ದ? ಇನ್ನೂ ಮೀಸೆ ಮೂಡ್ದೇ ಇರೋ ಉಡ್ಗ. ಅಪ್ಪ ಒಂದ್ ಮಿಸಿನ್ ಮಾಡಿಟ್ಟು ಸತ್ತೋದ. ಅದು ಇವ್ನ್ ಕೂತ್ರೆ ಮಾತ್ರ ಎದ್ದೇಳ್ತದೆ ಅಂತ ಎಳ್ಕೊಂಡೋಗಿ ಒಳಕ್ಕೆ ಕುಂಡ್ರುಸ್ಬುಟ್ರು. ಮಿಸಿನ್ ಕೈಗ್ ಏಟ್ ಬಿದ್ರೆ ಇವ್ನ್ ಕೈಗ್ ನೋವಾಯ್ತದೆ. ಬ್ಯಾಡ ಬ್ಯಾಡ ಅಂದ್ರೂ ಊರ್ ಕಾಯಿ ಅಂದ್ರು, ಕಾಯ್ದ. ಕಾಯ್ದಾದ್ ಮ್ಯಾಲೆ ಅತ್ತ. ಅದುಕ್ಕೆ, ‘ಈ ಅಳ್ಮುಂಜೀನ ಮಿಸಿನ್ನಿಂದ ಇಳ್ಸಿ ಅಂಗನವಾಡಿಗೆ ಸೇರ್ಸಿ’ ಅಂತ ಬರ್ದವ್ನೆ ಒಬ್ಬ. ಅವ್ನ್ ಬರ್ದಿದ್ದುಕ್ಕೆ ನಗೋ ಮೊಕ ಆಕವ್ರೆ ಲೆಕ್ಕ ಇಲ್ದಂಗೆ. ನಾನು ಗಂಟ್ಲು ಅರ್ಕೊಂಡು ಅತ್ತಿದ್ದು ಇವ್ರು ನಗ್ಲಿ ಅಂತಾನಾ? ಆ ಸೀನ್ ಮಾಡ್ದಾಗ ನಂಗೆ ದಿಟ್ವಾಗ್ಲೂ ಅಳು ಬಂದಿತ್ತು ಕಣತ್ತೆ.”

ಹೀಗಂದು ನನ್ನ ಸೊಸೆ ಕವಿತ ಫೋನನ್ನ ಅವರೆಕಾಯಿ ಮೊರದೊಳಕ್ಕೆ ಎಸೆದಳು. ನಾನು ಫೋನು ಎತ್ತಿ ಸೆರಗಲ್ಲಿ ಒರೆಸಿ ಪಕ್ಕಕ್ಕಿಟ್ಟು ಮತ್ತೆ ಕಾಯಿ ಸುಲಿಯೋಕೆ ಕೂತೆ. ಸಿಟ್ಟು ಬಂದೋರ ಹತ್ತಿರ ಸಮಾಧಾನ ಹೇಳೋಕೆ ಹೋಗಬಾರದು. ಹೇಳೋದೆಲ್ಲ ಹೇಳಿ ಮುಗಿಸಲಿ ಅಂತ ಕಿವಿ ಕೊಟ್ಟು ಕೂತ್ಕೋಬೇಕು.

ಓದೋರಿಗೆ ಇದೇನು ಮಿಸಿನ್ನು, ಇದ್ಯಾರು ಜಾರೊಕ್ಕು ಅನ್ನಿಸಬಹುದು. ಜಪಾನಿನಲ್ಲಿ ಬರೆದ ಬೊಂಬೆ ಕತೆ ಅದು. ತೆಂಗಿನ ಮರಕ್ಕಿಂತ ಎತ್ತರದ ಕಬ್ಬಿಣದ ಆಳುಗಳು ಒಂದಕ್ಕೊಂದು ಗುದ್ದಾಡ್ತವೆ. ಅವುಗಳ ಎದೆಗೂಡಲ್ಲಿ ಒಂದು ಬಾಗಿಲು. ಒಳಗೆ ಮನುಷ್ಯ ಕೂತು, ಟ್ರ್ಯಾಕ್ಟರ್ ಓಡಿಸಿದ ಹಾಗೆ ಓಡಿಸಬೇಕು. ಅದನ್ನ ಕನ್ನಡದಲ್ಲಿ ಮಾಡಿಕೊಡಿ ಅಂತ ಯಾವುದೋ ಕಂಪನಿಯೋರು ಮಂಡ್ಯದ ಜಯಪ್ರಕಾಶ್ ಅನ್ನೋರಿಗೆ ವಹಿಸಿದ್ದರು. ವಾರಕ್ಕೊಂದು ಎಪಿಸೋಡು ಫೋನಲ್ಲಿ ಬರ್ತಿತ್ತು. ಅದರಲ್ಲಿ ಆ ಹುಡುಗ ಮಿರೊ ಬಾಯಿ ತೆಗೆದರೆ ಕೇಳೋದು ನಮ್ಮ ಕವಿತನ ದನಿ. ಹುಡುಗರ ಮಾತಿಗೆ ಹೆಂಗಸರ ದನಿ ಹಾಕ್ತಾರಂತೆ. ಗಂಡು ಹುಡುಗರ ಗಂಟಲು ನಡುವೆ ಒಡೆದು ಹೋಗ್ತದಲ್ಲ, ಅದಕ್ಕೆ.

ಕವಿತ ಹುಟ್ಟಿ ಬೆಳೆದದ್ದು ಆತಗೂರು. ಅವಳಪ್ಪ ಚಿಕ್ಕಬೋರಯ್ಯ ಕಬ್ಬು, ಭತ್ತ ಮಾಡಿಕೊಂಡಿದ್ದೋರು, ಬಾಯಿ ಬಲವಾಗಿದ್ದೋರು. ಅಪ್ಪನ ಬಾಯೇ ಮಗಳಿಗೂ ಬಂದಿದೆ ಅಂತ ಮದುವೆ ಮಾತಿಗೆ ಹೋದಾಗಲೇ ಯಾರೋ ನನ್ನ ಕಿವಿಯಲ್ಲಿ ಊದಿದ್ದರು. ಆದರೆ ಇವಳದು ಬೇರೆ ಥರದ ಬಾಯಿ. ಬೀದಿಯಲ್ಲಿ ಯಾರು ಹ್ಯಾಗೆ ಮಾತಾಡ್ತಾರೋ ಹಾಗೇ ಆಡಿ ತೋರಿಸೋಳು. ಶಾಲೆಯಲ್ಲಿ ಓದೋವಾಗ ಒಂದು ಸಲ ಕಾಂಪೌಂಡಿನ ಆಚೆ ನಿಂತು ಹೆಡ್ಮಾಸ್ಟರ ದನಿಯಲ್ಲಿ, “ಮಕ್ಕಳೇ, ಇಂದು ಮಧ್ಯಾಹ್ನದಿಂದ ರಜೆ ಇರುತ್ತದೆ” ಅಂದಳಂತೆ. ಮಕ್ಕಳೆಲ್ಲ ಚೀಲ ಎತ್ತಿಕೊಂಡು ಓಟ. ಇಬ್ಬರು ಮೇಡಮ್ಮುಗಳೂ ಬ್ಯಾಗು ತಗಲಿಹಾಕಿಕೊಂಡು ಬಸ್ಸಿಗೆ ಹೊರಟಿದ್ದರಂತೆ. ಅವತ್ತು ಚಿಕ್ಕಬೋರಯ್ಯ ಗದ್ದೆಯಿಂದ ಕಬ್ಬಿನ ಜಲ್ಲೆ ಹಿಡಿದುಕೊಂಡೇ ಬಂದು ಹೊಡೆದರಂತೆ. “ಒಡೆದ್ ಮ್ಯಾಲೆ ಅದೇ ಜಲ್ಲೆ ಸಿಗ್ದು ತಿನ್ನಾಕ್ ಕೊಟ್ರು” ಅಂತ ಕವಿತ ಈಗಲೂ ಹೇಳಿ ನಗ್ತಾಳೆ.

ನನ್ನ ಮಗ ಮಹದೇವು ಮದ್ದೂರಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತೋ ಅಂಗಡಿ ಇಟ್ಟಿದ್ದಾನೆ. ಕಡಿಮೆ ಮಾತಿನೋನು. ಈ ಬಾಯಿ, ಆ ಮೌನ ಹ್ಯಾಗೆ ಹೊಂದುತ್ತೋ ಅಂತ ನನಗೆ ದಿಗಿಲಿತ್ತು. ಹೊಂದಿತು. ಅವಳು ಆಡ್ತಾಳೆ, ಅವನು ನಗ್ತಾನೆ. ಒಂದು ಸಲ ಕಸದ ಗಾಡಿಗೆ ದನಿ ಬೇಕು ಅಂತ ಯಾರೋ ಅವನ ಅಂಗಡಿಯಲ್ಲಿ ಮಾತಾಡಿಕೊಂಡಾಗ, “ನಮ್ಮನೇಲ್ ಐತೆ ಬನ್ನಿ” ಅಂದುಬಿಟ್ಟನಂತೆ. ಅವತ್ತಿಂದ ಬೆಳಗಾದರೆ, “ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡಿ, ಅಮ್ಮಂದಿರೇ” ಅಂತ ಬೀದಿ ಬೀದಿಯಲ್ಲಿ ಕವಿತನೇ. ಗಾಡಿ ಹಿಂದೆ ಬಕೆಟ್ಟು ಹಿಡಿದು ಓಡೋಳೂ ಕವಿತನೇ. ಆ ದನಿ ಇವಳದ್ದು ಅಂತ ಪಕ್ಕದ ಮನೆ ಸೋಮಮ್ಮನಿಗೆ ಬಹಳ ದಿನ ಗೊತ್ತೇ ಇರಲಿಲ್ಲ. “ಯಾವ್ಳೋ ಒಳ್ಳೆ ಮರ್ಯಾದಸ್ತೆ ಕಣಮ್ಮ, ಕಸುಕ್ಕೂ ಅಮ್ಮಂದಿರೇ ಅಂತಾಳೆ” ಅನ್ನೋಳು.

ಆ ಗಾಡಿಯ ದನಿ ಕೇಳಿಕೊಂಡೇ ಜಯಪ್ರಕಾಶ್ ಅವರು ಮಂಡ್ಯದಿಂದ ಹುಡುಕಿಕೊಂಡು ಬಂದದ್ದು. ಅವರು ಮೂಲತಃ ಬೆಳಕವಾಡಿಯೋರು. ಮಂಡ್ಯದಲ್ಲಿ ಒಂದು ಮನೆಯ ಮೇಲಂತಸ್ತು ಬಾಡಿಗೆಗೆ ಹಿಡಿದು, ಗೋಡೆಗೆಲ್ಲ ಮೊಟ್ಟೆ ಇಡೋ ರಟ್ಟಿನ ಟ್ರೇಗಳನ್ನ ಅಂಟಿಸಿ ಸ್ಟುಡಿಯೋ ಮಾಡಿದ್ದರು. ಮೊದಲ ಸಲ ನಾನೂ ಹೋಗಿದ್ದೆ. ಇದೇನು ಕೋಳಿ ಫಾರಮ್ಮಾ ಅಂದೆ. ಹೊರಗಿನ ಬಸ್ಸಿನ ಸದ್ದು ಒಳಗೆ ಬರದೇ ಇರಲಿ ಅಂತ, ಅಮ್ಮ, ಅಂದರು.

ಕವಿತ ಆ ಕೆಲಸಕ್ಕೆ ಜೀವ ತೇದಳು. ಮಿರೊ ಓಡೋವಾಗ ತಾನೂ ನಿಂತಲ್ಲೇ ಓಡಿ ಏದುಸಿರು ತಗೊಳ್ತಿದ್ದಳು. ಅವನು ಬೀಳೋವಾಗ ಹೊಟ್ಟೆ ಮೇಲೆ ತಾನೇ ಗುದ್ದಿಕೊಳ್ತಿದ್ದಳು. ಹುಡುಗ ಹೆದರಿಕೊಂಡೇ ಹೋಗಿ ಊರು ಕಾಯ್ತಾನಲ್ಲ, ಅದನ್ನ ಜನ ಕಾಣಬೇಕು ಅನ್ನೋದು ಅವಳ ಆಸೆ. “ಎದುರ್ದೇ ಇರೋನ್ ಓಗದು ಏನ್ ದೊಡ್ಡದತ್ತೆ? ಎದುರ್ಕೊಂಡೂ ಓಯ್ತಾನಲ್ಲ, ಅದು ದೊಡ್ದು” ಅನ್ನೋಳು.

ಜನ ಕಂಡದ್ದೇ ಬೇರೆ. ನಮ್ಮ ಬೀದಿಯ ಮಕ್ಕಳು ಸಾಯಂಕಾಲ ಅದೇ ಆಟ ಆಡೋವು. ಎಲ್ಲವಕ್ಕೂ ಜಾರೊಕ್ ಆಗಬೇಕು. ಮಿರೊ ಆಗೋಕೆ ಒಂದೂ ಒಪ್ಪೋದಿಲ್ಲ. ಕೊನೆಗೆ ಎದುರು ಮನೆ ಕುಸುಮನ ಚಿಕ್ಕ ಮಗಳು, ಇನ್ನೂ ಮಾತು ಸರಿಯಾಗಿ ಬರದೇ ಇರೋ ಕೂಸು, ಅದನ್ನ ಹಿಡಿದು ಮಿರೊ ಮಾಡೋವು. ಅದು ಅಳ್ತಿರಲಿಲ್ಲ ಅಂತ ಚಿವುಟಿ ಅಳಿಸೋವು. ಕವಿತ ಒಂದು ದಿನ ಪೊರಕೆ ತಗೊಂಡು ಅಟ್ಟಿಸಿಕೊಂಡು ಹೋದಳು. ಮಕ್ಕಳು ಓಡ್ತಾ ಓಡ್ತಾ, “ಜಾರೊಕಣ್ಣುಂಗೆ ಜೈ!” ಅಂದವು.

ಜಾರೊಕ್‌ನ ದನಿ ಸಂತೋಷ್ ಅನ್ನೋ ಹುಡುಗನದು. ಊರಿನ ನಾಟಕಗಳಲ್ಲಿ ದುರ್ಯೋಧನನ ಪಾತ್ರ ಮಾಡಿ ಮಾಡಿ ದನಿ ಪಳಗಿದೆ. ಒಳ್ಳೆ ಹುಡುಗ, ಕವಿತನ್ನ ಅಕ್ಕ ಅಂತಾನೆ. ಕತೆಯಲ್ಲಿ ಜಾರೊಕ್‌ನ ನಾಡಿಗೆ ಹೋಗೋ ಹೊಳೆಗೆ ಮಿರೊ ಕಡೆಯೋರು ಮೇಲೆ ಕಟ್ಟೆ ಕಟ್ಟಿರ್ತಾರೆ. ಅದೇ ಅವನ ಸಿಟ್ಟು. ನೀರಿನ ವಿಷಯ ಬಂದರೆ, ನಾಲೆಗೆ ನೀರು ಬಿಡಲಿಲ್ಲ ಅಂತ ರಸ್ತೆಗಿಳಿಯೋ ನಮ್ಮ ಮಂಡ್ಯದೋರು ಯಾರ ಕಡೆ ವಾಲ್ತಾರೆ ಅಂತ ಕೇಳಬೇಕಾ? ಆದರೂ ಸುಟ್ಟ ಊರು ಸುಟ್ಟದ್ದೇ ಅಲ್ಲವಾ ಅಂತ ನನಗನ್ನಿಸ್ತಿತ್ತು.

ಇನ್ನು ಮೂರು ಎಪಿಸೋಡು ಉಳಿದಿದ್ದಾಗ ಮಂಡ್ಯದಲ್ಲಿ ಒಂದು ಹಾಲ್‌ನಲ್ಲಿ ದೊಡ್ಡ ಪರದೆ ಕಟ್ಟಿ ತೋರಿಸಿದರು. ದನಿ ಕೊಟ್ಟೋರನ್ನೆಲ್ಲ ಕರೆದಿದ್ದರು. ಕವಿತ ಮದುವೆಯ ರೇಷ್ಮೆ ಸೀರೆ ಉಟ್ಟಿದ್ದಳು. ಮಹದೇವು ಅಂಗಡಿ ಮುಚ್ಚಿ ಬಂದ. ಹಾಲ್ ತುಂಬ ಕಾಲೇಜು ಹುಡುಗರು, ಅವರಪ್ಪಂದಿರು. ಜಾರೊಕ್ ಬಂದ ಅಂದರೆ ಸಾಕು, ಕಿವಿ ಗಡಚಿಕ್ಕೋ ಹಾಗೆ ಸಿಳ್ಳೆ. ಒಂದು ಮಾತಿಗಂತೂ, “ಒನ್ಸ್ ಮೋರ್!” ಅಂತ ಎದ್ದು ನಿಂತರು, ನಾಟಕದಲ್ಲಿ ಪದ ಮತ್ತೆ ಹಾಡಿಸ್ತಾರಲ್ಲ ಹಾಗೆ. ಜಯಪ್ರಕಾಶ್ ಅವರು ನಿಜವಾಗಲೂ ಹಿಂದಕ್ಕೆ ತಿರುಗಿಸಿ ಮತ್ತೆ ತೋರಿಸಿದರು. ಊರು ಎರಡು ಸಲ ಸುಟ್ಟಿತು.

ಆಮೇಲೆ ಮಿರೊ ಅತ್ತ. ಹಾಲ್‌ನಲ್ಲಿ ನಗೆ. ಹಿಂದಿನ ಸಾಲಿನಿಂದ ಯಾವನೋ, “ಅಮ್ಮನ್ ಸೆರಗ್ ಇಡ್ಕೊಂಡ್ ಓಗ್ಲಾ ಮನೇಗೆ!” ಅಂತ ಕೂಗಿದ. ಕವಿತ ನನ್ನ ಕೈ ಹಿಡಿದುಕೊಂಡಳು. ಬಳೆ ಚುಚ್ಚೋ ಹಾಗೆ ಹಿಡಿದಿದ್ದಳು.

ಆಚೆ ಬಂದರೆ ಗೇಟಿನಲ್ಲಿ ಒಂದು ಜೆಸಿಬಿ ನಿಂತಿದೆ. ಅದರ ಉದ್ದನೆ ಕಬ್ಬಿಣದ ಕೈಯಿಂದ ಸೇಬಿನ ಹಾರ ಇಳೀತಿದೆ. ಸಂತೋಷನ ಕೊರಳಿಗೆ! ಅವನು ಹಾರದ ಭಾರಕ್ಕೆ ಬಗ್ಗಿ ಹೋದ. ವಯಸ್ಸಾದೋರೊಬ್ಬರು ಅವನ ಕೈ ಕುಲುಕಿ, “ಸುಟ್ಟಿದ್ದೇ ಸರಿ ಕಣಪ್ಪ ನೀನು, ಬುಡಬ್ಯಾಡ” ಅಂದರು. ಸಂತೋಷ್ ತಬ್ಬಿಬ್ಬಾಗಿ, “ಸಾ, ನಾನ್ ಸುಟ್ಟಿಲ್ಲ ಸಾ, ನಾನು ಬರೀ ದನಿ” ಅಂದ. ಅವರು ಬೆನ್ನು ತಟ್ಟಿ ಹೋದರು. ಕವಿತನಿಗೆ ಒಂದು ಶಾಲು ಹೊದಿಸಿದರು. ಹೊದಿಸಿದೋರು ನೋಡ್ತಿದ್ದದ್ದು ಜೆಸಿಬಿ ಕಡೆ.

ಅಲ್ಲೇ ಮರದ ಕೆಳಗೆ ಜಯಪ್ರಕಾಶ್ ಕವಿತನ್ನ ಕರೆದರು. ನಾನು ಪಕ್ಕದಲ್ಲೇ ಇದ್ದೆ.

“ನೋಡಮ್ಮ, ಜನ ಏನ್ ಅಂತಾರೆ ಕೇಳಿದ್ರಲ್ಲ. ಮುಂದುಕ್ಕೆ ಮಿರೊ ಅಳ್ಬಾರ್ದು. ಗರ್ಜಿಸ್ಬೇಕು. ಕಂಪನಿಯೋರೂ ಅದೇ ಅಂತಾವ್ರೆ.”

“ಚಿತ್ರ್‌ದಲ್ಲಿ ಅಳ್ತಾವ್ನೆ ಸಾ. ಕಣ್ಣಲ್ಲಿ ನೀರ್ ಸುರೀತಾ ಐತೆ. ನಾನ್ ಎಂಗ್ ಗರ್ಜಿಸ್ಲಿ?”

“ಅದು ಕೋಪದ ಕಣ್ಣೀರು ಅಂದ್ಕೊಳ್ಳಿ. ನಿಮ್‌ ಕೈಲಿ ಆಗ್ದಿದ್ರೆ ಯೋಳಿ, ಬೇರೆಯೋರ್ನ ನೋಡ್ತೀನಿ. ಮಳವಳ್ಳಿ ಲಿಂಗರಾಜು ಅವ್ನೆ, ಕಬಡ್ಡಿ ಮ್ಯಾಚ್‌ಗೆಲ್ಲ ಮೈಕ್‌ನಲ್ಲಿ ಕೂಗೋನು. ಒಳ್ಳೆ ಕಂಠ.”

ಕವಿತನ ಮುಖ ಸುಣ್ಣದ ಹಾಗಾಯಿತು. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಬಂದ ಹುಡುಗನ್ನ ಕೊನೆ ಮೂರು ಎಪಿಸೋಡಲ್ಲಿ ಬೇರೆಯೋರ ಬಾಯಿಗೆ ಕೊಡೋದು! ಬಸ್ಸಿನಲ್ಲಿ ಮದ್ದೂರಿನವರೆಗೂ ಕಿಟಕಿ ಕಡೆ ತಿರುಗಿಕೊಂಡೇ ಇದ್ದಳು. ಮಹದೇವು ಕಡಲೆಕಾಯಿ ಕೊಡಿಸಿದ, ಮುಟ್ಟಲಿಲ್ಲ.

ಮಾರನೇ ದಿನ ಸೋಮಮ್ಮ ಅವರೆಕಾಯಿ ಸುಲಿಯೋಕೆ ನಮ್ಮ ಜಗಲಿಗೆ ಬಂದಳು. ಹಳೆ ಎಪಿಸೋಡು ಹಾಕು ಅಂದಳು. ಕವಿತ ಮನಸ್ಸಿಲ್ಲದ ಮನಸ್ಸಲ್ಲಿ ಹಾಕಿ ಒಳಗೆ ಹೋದಳು. ಮಿರೊನ ತಾಯಿ ಗೋಡೆ ಕೆಳಗೆ ಸಿಕ್ಕಿಕೊಂಡಿದ್ದಾಳೆ, ಇವನ ಮಿಸಿನ್ನಿನ ಬಾಗಿಲು ತೆಗೀತಿಲ್ಲ. ಒಳಗಿಂದಲೇ, “ಮಾತೆ, ನನ್ನನ್ನು ಕ್ಷಮಿಸು. ನಿನ್ನನ್ನು ರಕ್ಷಿಸಲು ನಾನು ಅಸಮರ್ಥನಾದೆ” ಅಂತ ಅಳ್ತಾನೆ.

ಸೋಮಮ್ಮ ಮೂತಿ ತಿರುವಿದಳು. “ಇದೇನ್ ಕಣಮ್ಮ, ಅವ್ವ ಅಲ್ಲಿ ಸಾಯ್ತಾವ್ಳೆ, ಈ ಕೂಸು ಡಿ.ಸಿ. ಸಾಯೇಬ್ರು ಬಾಸಣ ಓದ್ದಂಗ್ ಓದ್ತದೆ? ಅಳದಾದ್ರೆ ಅಳ್ಬೇಕಪ್ಪ.”

ಆಮೇಲೆ ಜಾರೊಕ್ ಬಂದ. “ಯಾವನ್ಲಾ ನೀನು? ನಮ್ ಒಳೆ ನೀರ್ನ ಮೇಲ್ಗಡೇನೆ ಕಟ್ಟಾಕ್ಬುಟ್ಟು, ಈಗ ನಂಗೇ ನ್ಯಾಯ ಯೋಳಕ್ ಬಂದವ್ನೆ!”

ಸೋಮಮ್ಮನ ಮುಖ ಅರಳಿತು. “ಅಂಗನ್ನಪ್ಪ! ನಮ್ಮಣ್ಣ ಕರಿಯಪ್ಪ ಇಂಗೇ ಅಲ್ವಾ ಗದ್ದೇಗ್ ನೀರ್ ಬುಡೋ ನೀರ್‌ಗಂಟೀನ ಬಯ್ತಿದ್ದದ್ದು, ನಾಲೆ ಮ್ಯಾಲ್ ನಿಂತ್ಕೊಂಡು. ಅವ್ನ್ ಸತ್ತೋದ್ಮ್ಯಾಲೆ ಈ ಮಾತು ಕೇಳೇ ಇರ್ನಿಲ್ಲ ಬುಡು. ಸುಟ್ರೆ ಸುಡ್ಲಿ, ನಮ್ಮೋನು.”

ಒಳಗೆ ಪಾತ್ರೆ ಸದ್ದು ನಿಂತಿತು. ಕವಿತ ಬಾಗಿಲಲ್ಲಿ ಬಂದು ನಿಂತಿದ್ದಳು. ಕೈಯಲ್ಲಿ ಸೌಟು ಹಾಗೇ ಇತ್ತು.

“ಸೋಮಕ್ಕ, ಇನ್ನೊಂದ್ ಸಲ ಅನ್ನಿ.”

“ಏನವ್ವ ಅನ್ನದು? ಆ ಉಡ್ಗ ನಮ್ಮನೆ ಕೂಸಲ್ಲ ಕಣ್ ಬುಡು. ಯಾವ್ದೋ ಆಪೀಸರ್ ಮನೇದು. ಅದು ಅತ್ರೆ ನಮ್ಗೇನು?”

ಸೋಮಮ್ಮ ಹೋದ ಮೇಲೆ ಕವಿತ ಜಯಪ್ರಕಾಶ್ ಬರೆದುಕೊಟ್ಟಿದ್ದ ಮಾತಿನ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತಳು. ಜಾರೊಕ್‌ಗೆ, ಅವನ ಆಳುಗಳಿಗೆ, ನಗಿಸೋಕೆ ಇಟ್ಟ ಮಿಸಿನ್ ರಿಪೇರಿಯೋನಿಗೆ, ಎಲ್ಲರಿಗೂ ನಮ್ಮ ಮಾತು. ಮಿರೊಗೆ, ಅವನ ತಾಯಿಗೆ, ಊರಿನ ಒಳ್ಳೆಯೋರಿಗೆಲ್ಲ ಪುಸ್ತಕದ ಮಾತು. “ನನ್ ದನೀದ್ ತಪ್ಪಲ್ಲ ಅತ್ತೆ, ನನ್ ಅಳೋದ್ ತಪ್ಪೂ ಅಲ್ಲ. ಇವ್ರೇ ಅವ್ನ್ನ ಪರ್‌ದೇಸಿ ಮಾಡಿ ಮಡಗವ್ರೆ. ನಾನ್ ಎಷ್ಟ್ ಅತ್ರೆ ಏನ್ ಬಂತು?” ಅಂದಳು. ಸಿಟ್ಟು ಇನ್ನೂ ಜಾಸ್ತಿ ಆಗಿತ್ತು, ಆದರೆ ಈಗ ಅದಕ್ಕೆ ಒಂದು ದಿಕ್ಕು ಇತ್ತು.

ಸೋಮವಾರ ಸ್ಟುಡಿಯೋಗೆ ಹೋಗೋವಾಗ ನೀನೂ ಬಾ ಅಂದಳು. ಹೋದೆ. ಅವತ್ತಿನ ಸೀನಿನಲ್ಲಿ ಮಿರೊ ಜಾರೊಕ್‌ನ ತಮ್ಮನ್ನ ಕೊಂದಿದ್ದಾನೆ. ಎದುರಿಗೆ ಹೆಣ ಬಿದ್ದಿದೆ. ಹಾಳೆಯಲ್ಲಿ ಬರೆದದ್ದು, “ಧರ್ಮವು ಜಯಿಸಿತು! ಇನ್ನು ನಿನ್ನ ಸರದಿ, ಜಾರೊಕ್!” ಕವಿತ ಒಂದು ಸಲ ಹೇಳಿದಳು. ಜಯಪ್ರಕಾಶ್ ಗಾಜಿನ ಆಚೆಯಿಂದ ಕೈ ಮೇಲೆ ಮೇಲೆ ಎತ್ತಿ, ಗರ್ಜಿಸಿ ಗರ್ಜಿಸಿ ಅಂದರು. ಇನ್ನೊಂದು ಸಲ ಹೇಳಿದಳು. ಅವರು ತಲೆ ಅಲ್ಲಾಡಿಸಿದರು. ಆಗ ಕವಿತ ಹಾಳೆ ಮಡಿಸಿ ಕೆಳಗಿಟ್ಟು, ಪರದೆಯಲ್ಲಿ ಆ ಹುಡುಗನ ತುಟಿ ನೋಡ್ತಾ ನೋಡ್ತಾ ತಾನೇ ಆಡಿದಳು.

“ನಾನ್ ಬೇಕೂಂತ ಒಡೀನಿಲ್ಲ ಕಣಣ್ಣ. ಎದ್ದೇಳಣ್ಣ. ಎದ್ದೇಳೋ…”

ನಾನು ಮೂಲೆಯಲ್ಲಿ ಸ್ಟೂಲ್ ಮೇಲೆ ಕೂತಿದ್ದೆ. ಆ ಬೊಂಬೆ ಹುಡುಗ ಮೊದಲನೇ ಸಲ ನನಗೆ ಹುಡುಗನ ಹಾಗೆ ಕಂಡ. ತನ್ನ ಸರದಿಗೆ ಕಾಯ್ತಿದ್ದ ಸಂತೋಷ್ ಗೋಡೆ ಕಡೆ ತಿರುಗಿಕೊಂಡ.

ಜಯಪ್ರಕಾಶ್ ಕಿವಿಯ ಹೆಡ್‌ಫೋನು ತೆಗೆದಿಟ್ಟರು. ಆಮೇಲೆ ಬಾಗಿಲು ತೆಗೆದು ಬಂದರು. “ಚೆನ್ನಾಗದೆ ಕವಿತಮ್ಮ. ಇಲ್ಲ ಅನ್ನಲ್ಲ. ಆದ್ರೆ ನಡಿಯಲ್ಲ.”

“ಯಾಕ್ ನಡಿಯಲ್ಲ?”

“ಈರೋ ಬಾಯಲ್ಲಿ ನಮ್ ಬಾಸೆ ಬಂದ್ರೆ ಜನ ಕಾಮಿಡಿ ಅಂತಾರೆ. ಎಷ್ಟ್ ಪಿಚ್ಚರ್ ನೋಡಿದ್ದೀರಿ? ನಮ್ಮಂಗ್ ಮಾತಾಡೋನು ಒಂದೋ ಕೇಡಿ, ಇಲ್ಲಾ ಕಾಮಿಡಿ.”

“ಅದುಕ್ಕೇ ಕೇಡೀಗ್ ಆರ ಆಕ್ತಾವ್ರೆ! ಅವ್ನೊಬ್ನೇ ನಮ್ಮೋನ್ ಆಗವ್ನೆ.”

“ನಿಮ್ಗ್ ಅರ್ಥ ಆಗಲ್ಲ ಬುಡಿ.”

“ಸಾ, ನೀವು ಬೆಳಕವಾಡಿಯೋರ್ ತಾನೇ? ನಿಮ್ಮವ್ವ ತೀರ್ಕೊಂಡಾಗ ನೀವ್ ಯಾವ್ ಬಾಸೇಲಿ ಅತ್ರಿ?”

ಅಷ್ಟು ಆಡಬಾರದಿತ್ತು ಅನ್ನಿಸಿತು ನನಗೆ. ಅವರ ಮುಖ ಕೆಂಪಾಯಿತು. “ಅದು ಮನೆ. ಇದು ಕೆಲ್ಸ” ಅಂದರು. ಒಳಗೆ ಹೋಗಿ ಕೂತು, “ಸಂತೋಷ್, ನೀನ್ ಬಾ” ಅಂತ ಮೈಕ್‌ನಲ್ಲಿ ಕರೆದರು. ಕವಿತ ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಲು ಇಳಿಯೋವಾಗ, “ಯಾಕಾದ್ರೂ ಆ ಕಸದ್ ಗಾಡೀಲಿ ಬಾಯ್ ಬುಟ್ನೋ” ಅಂದಳು.

ಮುಂದಿನ ವಾರದಿಂದ ಮಿರೊಗೆ ಮಳವಳ್ಳಿ ಲಿಂಗರಾಜು. ನಾವು ನೋಡಬಾರದು ಅಂದುಕೊಂಡಿದ್ದರೂ ನೋಡಿದೆವು. ಮೂಗಿನ ಕೆಳಗೆ ಕೂದಲಿಲ್ಲದ ಆ ಹುಡುಗ ಬಾಯಿ ತೆಗೆದರೆ ದಪ್ಪ ಗಂಡಸಿನ ದನಿ! ಕಣ್ಣಲ್ಲಿ ನೀರು ಸುರೀತಿದೆ, ಬಾಯಲ್ಲಿ ಗುಡುಗು. ಮಹದೇವು ಕೂಡ ಬಾಯಿ ಬಿಟ್ಟ. “ಕಬಡ್ಡಿ ರೈಡಿಂಗ್ ಓಯ್ತಾವ್ನೆ ಅನ್ಸ್ತದೆ” ಅಂದ. ಕವಿತ ನಗಲಿಲ್ಲ.

ಮೊದಲ ವಾರ, ಈಗ ಗಂಡಸಾದ ನೋಡ್ಲಾ ಅಂತ ಬರೆದರು. ಎರಡನೇ ವಾರಕ್ಕೆ ಅದೇ ಜನ ತಿರುಗಿಬಿದ್ದರು. ಕವಿತ ಓದಿ ಓದಿ ಹೇಳ್ತಿದ್ದಳು. “ಇವ್ನ್ಯಾವನ್ಲಾ ಕಬಡ್ಡಿ ಮಿರೊ?” “ನಮ್ ಅಳ್ಮುಂಜಿ ಎಲ್ಲೋದ? ವಾಪಸ್ ಕರ್ಸಿ.” “ಅಳ್ಮುಂಜಿ ಇಲ್ದೆ ಮಜಾ ಇಲ್ಲ, ಯಾರ್ನ ಬಯ್ಯನ?”

“ನೋಡ್ದಾ ಅತ್ತೆ! ಇದ್ದಾಗ ಉಗುದ್ರು. ಈಗ ಬೇಕಂತೆ. ಯಾತುಕ್ಕೆ ಬೇಕು? ಬಯ್ಯಕ್ಕೆ!” ಅಂತ ಹಲ್ಲು ಕಚ್ಚಿದಳು. ನನಗೆ ನಗು ಬಂತು, ತಡೆದುಕೊಂಡೆ.

ಆ ಮಂಗಳವಾರ ಜಯಪ್ರಕಾಶ್ ಮನೆಗೇ ಬಂದರು. ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡು ಬಹಳ ಹೊತ್ತು ನಮ್ಮ ಕೊಟ್ಟಿಗೆ, ಹಸು, ಮಳೆ ಅಂತೆಲ್ಲ ಮಾತಾಡಿದರು. ಕವಿತ ಕಂಬಕ್ಕೆ ಒರಗಿ ನಿಂತೇ ಇದ್ದಳು.

“ಕೊನೇ ಎಪಿಸೋಡು ಕವಿತಮ್ಮ. ಕಂಪನಿಯೋರು ಮೊದ್ಲಿನ ದನೀನೇ ಬೇಕು ಅಂತಾವ್ರೆ.”

“ಪೂರಾ ನಮ್ ಮಾತಲ್ಲಿ ಆಡ್ತೀನಿ. ಒಪ್ಪದಾದ್ರೆ ಬತ್ತೀನಿ.”

“ಅದ್ ಆಗಲ್ಲಮ್ಮ. ಇಷ್ಟ್ ದಿನ ಒಂದ್ ಬಾಸೆ, ಕೊನೇಗ್ ಒಂದ್ ಬಾಸೆ ಅಂದ್ರೆ ಜನ ಏನಂತಾರೆ?”

“ಇಷ್ಟ್ ದಿನ ಒಂದ್ ದನಿ, ನಡುವ್ಲಿ ಒಂದ್ ದನಿ ಅಂದ್ರೆ ಜನ ಏನೂ ಅನ್ನಕಿಲ್ವಾ?”

ಮಹದೇವು ಕೆಮ್ಮಿದ. ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡಿದ ಹಾಗೆ ಇಬ್ಬರೂ ಎಳೆದಾಡಿದರು. ಅವರು ಅರ್ಧಕ್ಕೆ ಹೂಂ ಅಂದರು, ಆಮೇಲೆ ಅದೂ ಇಲ್ಲ ಅಂದರು. ಕೊನೆಗೆ ಒಂದು ಸೀನಿಗೆ ಬಂದು ನಿಂತಿತು. ಜಾರೊಕ್ ಸೋತು ಬಿದ್ದಿರ್ತಾನೆ, ಮಿರೊ ಅವನನ್ನ ಕೊಲ್ಲದೆ ಮಿಸಿನ್ ನಿಲ್ಲಿಸಿ ಸತ್ತ ತಾಯಿನ ಕರೀತಾನೆ. ಆ ಸೀನು ಮಾತ್ರ ಅವಳ ಇಷ್ಟ. ಉಳಿದದ್ದು ಹಾಳೆಯಲ್ಲಿ ಇದ್ದ ಹಾಗೆ. ಅವರು ಗೇಟು ದಾಟಿದ ಮೇಲೆ ಕವಿತ, “ಒಂದ್ ಕಾಲ್ಗೆ ಚಪ್ಲಿ, ಒಂದ್ ಕಾಲ್ಗ್ ಇಲ್ಲ. ಇದ್ ಯಾವ್ ಸೀಮೆ ಒಪ್ಪಂದ ಅತ್ತೆ?” ಅಂದಳು.

“ಮತ್ಯಾಕವ್ವ ಒಪ್ದೆ?” ಅಂದೆ.

“ಬುಟ್ರೆ ಆ ಕಬಡ್ಡಿಯೋನು ಅವ್ವುನ್ ಮುಂದೂ ಗುಡುಗ್ತಾನೆ. ಅದ್ನ ಎಂಗ್ ಕೇಳ್ಲಿ?”

ಕೊನೆ ಎಪಿಸೋಡು ಬಂದದ್ದು ಭಾನುವಾರ ಸಾಯಂಕಾಲ. ನಮ್ಮ ಜಗಲಿಯಲ್ಲೇ ಬೀದಿಯೋರೆಲ್ಲ ಸೇರಿದರು. ಮಹದೇವು ಫೋನನ್ನ ಟಿ.ವಿ.ಗೆ ಸೇರಿಸಿ ಟಿ.ವಿ.ಯನ್ನ ಬಾಗಿಲಿಗೆ ತಂದಿಟ್ಟಿದ್ದ. ಶುರುವಿನಲ್ಲಿ ಮಿರೊ, “ಎಲೈ ಜಾರೊಕ್, ನಿನ್ನ ಅಂತ್ಯಕಾಲ ಸಮೀಪಿಸಿದೆ” ಅಂದ. ಮಕ್ಕಳು ಕಿಸಕ್ಕೆಂದವು. “ಬಂದ್ರಪ್ಪ ಸಾಯೇಬ್ರು” ಅಂದಳು ಸೋಮಮ್ಮ. ಕವಿತ ಹೊಸ್ತಿಲ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು.

ಜಾರೊಕ್ ಬಿದ್ದ. ಮಕ್ಕಳು ಅಯ್ಯೋ ಅಂದವು. ಮಿರೊನ ಮಿಸಿನ್ನು ಕೈ ಎತ್ತಿತು, ಎತ್ತಿದ ಕೈ ಹಾಗೇ ನಿಂತಿತು. ಎದೆಗೂಡಿನ ಬಾಗಿಲು ತೆಗೀತು. ಒಳಗೆ ಮುದುರಿಕೊಂಡು ಕೂತಿದ್ದಾನೆ ಹುಡುಗ.

“ಅವ್ವಾ… ನಂಗಾಗಕಿಲ್ಲ ಕಣವ್ವ. ನಾನ್ ಇನ್ ಯಾರ್ನೂ ಒಡಿಯಾಕಿಲ್ಲ. ಮನೇಗ್ ಕರ್ಕೊಂಡೋಗವ್ವ.”

ಒಂದು ಮಗು ನಕ್ಕಿತು. ಅದರ ತಲೆ ಮೇಲೆ ಕುಸುಮ ಮೊಟಕಿದಳು. ಆಮೇಲೆ ಯಾರೂ ನಗಲಿಲ್ಲ. ಸೋಮಮ್ಮ ಸೆರಗನ್ನ ಬಾಯಿಗೆ ಒತ್ತಿಕೊಂಡಳು. “ಅಯ್ಯೋ ನನ್ ಮಗ್ನೇ” ಅಂದಳು. ಮೂಗು ಒರೆಸಿಕೊಂಡು, “ಮುಂಡೇದು, ಮೊದ್ಲೇ ಇಂಗ್ ಅನ್ಬಾರ್ದಿತ್ತಾ? ಇಷ್ಟ್ ದಿನ ಏನ್ ಬಾಯಿಗ್ ಬೀಗ ಆಕಿದ್ನಾ?” ಅಂತ ಅವನನ್ನೇ ಬೈದಳು.

ಕವಿತ ತಲೆ ಎತ್ತಿದಳು. ಅಷ್ಟರಲ್ಲಿ ಮುಂದಿನ ಸೀನು. ಮಿರೊ ಎದ್ದು ನಿಂತು, “ಪ್ರಜೆಗಳೇ, ಇಂದಿನಿಂದ ನದಿಯ ನೀರು ಸರ್ವರಿಗೂ ಸಮಾನವಾಗಿ ಹರಿಯಲಿದೆ” ಅಂದ.

“ಅಕೋ, ಮತ್ತೆ ಶುರು ಅಚ್ಕೊಂಡ” ಅಂತ ಸೋಮಮ್ಮ ಕಾಲು ನೀಡಿಕೊಂಡಳು. ಮಕ್ಕಳು ಎದ್ದು ಆಟಕ್ಕೆ ಓಡಿದವು, ದೊಡ್ಡೋರು ತಂತಮ್ಮ ಮಾತಿಗೆ ಬಿದ್ದರು. ಟಿ.ವಿ.ಯಲ್ಲಿ ಹುಡುಗ ಇನ್ನೂ ಭಾಷಣ ಮಾಡ್ತಿದ್ದ. ಕೇಳೋರು ನಾವು ಮನೆಯ ಮೂರೇ ಜನ.

ಮಾರನೇ ದಿನ ಕವಿತ ಮಧ್ಯಾಹ್ನವೆಲ್ಲ ಜನ ಬರೆದದ್ದನ್ನ ಓದ್ತಾ ಕೂತಳು. ಜಾರೊಕಣ್ಣನ್ನ ಸೋಲಿಸಿದ್ದು ಮೋಸ ಅಂತ ಬರೆದೋರೇ ಜಾಸ್ತಿ. ಕಬಡ್ಡಿ ಮಿರೊನೇ ವಾಸಿ ಅಂತಲೂ ಕೆಲವರು. ಈರೋ ಯಾಕ್ ಇದ್ದಕ್ಕಿದ್ದಂಗೆ ಹಳ್ಳಿ ಗುಗ್ಗು ಆದ ಅಂತ ಒಬ್ಬ ಕೇಳಿದ್ದ. ಅವನ ಕೆಳಗೇ ಇನ್ನೊಬ್ಬ, “ಆ ಅವ್ವನ್ ಸೀನು ನೋಡಿ ನಮ್ಮವ್ವುಂಗೆ ಫೋನ್ ಮಾಡ್ದೆ” ಅಂತ ಬರೆದಿದ್ದ. ಅದನ್ನ ಕವಿತ ನನಗೆ ಎರಡು ಸಲ ಓದಿ ಹೇಳಿದಳು.

“ಒಂದ್ ಸೀನು ಕಣತ್ತೆ. ವರ್ಸೊಪ್ಪತ್ತು ಅತ್ತಿದ್ದೀನಿ. ಒಂದ್ ಸೀನು ಅವ್ರ್ ಕಿವಿಗ್ ಬಿತ್ತು. ಎಲ್ಲಾನೂ ಇಂಗೇ ಆಡ್ಸಿದ್ರೆ…” ಅಂದು ಮಾತು ಅರ್ಧಕ್ಕೇ ಬಿಟ್ಟಳು.

ಕೊಟ್ಟಿಗೆಯಲ್ಲಿ ಹಸು ಅಂಬಾ ಅಂತ ಕೂಗ್ತಿತ್ತು. ಡೈರಿಗೆ ಹಾಲು ಹಾಕೋ ಹೊತ್ತಾಗಿತ್ತು.

ಕವಿತ ಸೀರೆ ಎತ್ತಿ ಸಿಕ್ಕಿಸಿಕೊಂಡು, ಬಿಸಿನೀರು ತಗೊಂಡು ಹೋದಳು. ಕರು ಬಿಟ್ಟು ನಾಲ್ಕು ಗುಟುಕು ಕುಡಿಸಿ, ಎಳೆದು ಗೂಟಕ್ಕೆ ಕಟ್ಟಿದಳು. ಕೆಚ್ಚಲು ತೊಳೆದು, ಬೆರಳಿಗೆ ಒಂದು ಚೂರು ಎಣ್ಣೆ ಸವರಿಕೊಂಡು ಕುಕ್ಕರುಗಾಲಲ್ಲಿ ಕೂತಳು. ಹಸು ಬಾಲ ಬೀಸಿ ಅವಳ ಕೆನ್ನೆಗೆ ಹೊಡೀತು. “ತಡ್ಕೊಳೆ, ನೀನೊಬ್ಳು ಬಾಕಿ ಇದ್ದೆ ನನ್ ಮ್ಯಾಲೆ ಬೀಳಕ್ಕೆ” ಅಂತ ಗದರಿ, ಬಾಲವನ್ನ ಮಂಡಿ ಹಿಂದೆ ಸಿಗಿಸಿಕೊಂಡು, ಮೊದಲ ಹಾಲನ್ನ ನೆಲಕ್ಕೆ ಬಿಟ್ಟು, ಕ್ಯಾನನ್ನ ಕಾಲಿನ ಮಧ್ಯಕ್ಕೆ ಎಳೆದುಕೊಂಡು ಕರೆಯೋಕೆ ಶುರು ಮಾಡಿದಳು.